ಸಣ್ಣ ಎಲೆಕಟ್ಟಿನ ಔಚಿತ್ಯ

ಕಳೆದ ಬೇಸಿಗೆಯ ರಜೆಯಲ್ಲಿ ನಾನು ಓದಿ ಅಭಿಪ್ರಾಯ ಬರೆಯಬೇಕಾಗಿದ್ದ ಎರಡು ಕವನ ಸಂಕಲನಗಳೂ ಒಂದು ಕಾದಂಬರಿಯೂ ಮೇಜಿನ ಮೇಲೆ ಇಟ್ಟಲ್ಲೇ ಉಳಿದುವು. ಅದಕ್ಕೆ ಕಾರಣ ನನ್ನ ಅಕ್ಕನ ಮಗ. ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಕೆಲಸದಲ್ಲಿರುವ ಅವನು ಒಂದು ತಿಂಗಳ ರಜದ ಮೇಲೆ ಬಂದಿದ್ದ. ಬರುವಾಗ ಬಟ್ಟೆಬರೆಗಳ ನಡುವೆ ನಾಲ್ಕು ಪುಟ್ಟ ಪೆಟ್ಟಿಗೆಗಳನ್ನು ತಂದಿದ್ದ. ಚಾಕೊಲೇಟಿನ ಪೆಟ್ಟಿಗೆಗಳೆಂದು ಭಾವಿಸಿ ತೆರೆದು ನೋಡಿದರೆ ಒಳಗಿದ್ದುದು ಇಸ್ಪೀಟು! "ಇಸ್ಪೀಟಲ್ಲ ಮಾವ, ಎಲೆಯಾಟ" ಎಂದು ಅವನು ತಿದ್ದಿದ. ಆ ತಿದ್ದುಪಡಿ ನನ್ನ ಕಿವಿಗಿಂತ ಹೆಚ್ಚಾಗಿ ಒಳಕೋಣೆಯಲ್ಲಿ ಪತ್ರಿಕೆ ಓದುತ್ತಿದ್ದ ನನ್ನ ತಂದೆಯವರ ಕಿವಿಗೆ ಬೀಳಲಿ ಎಂಬುದು ಅವನ ಉದ್ದೇಶವಾಗಿತ್ತು.

ಏಕೆಂದರೆ ನಮ್ಮ ಮನೆಯಲ್ಲಿ ಇಸ್ಪೀಟಿಗೆ ಪ್ರವೇಶವಿರಲಿಲ್ಲ. ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದು ನಿವೃತ್ತರಾದ ನನ್ನ ತಂದೆಯವರಿಗೆ ಈಗ ಎಂಬತ್ತೊಂದು ವರ್ಷ. ನಾನು ಹುಡುಗನಾಗಿದ್ದಾಗ ಸೋದರಮಾವನ ಊರಿನಿಂದ ಒಂದು ಎಲೆಕಟ್ಟನ್ನು ಜೇಬಿನಲ್ಲಿಟ್ಟು ತಂದದ್ದಕ್ಕೆ, ಅದನ್ನು ಬಚ್ಚಲೊಲೆಗೆ ಹಾಕಿಸಿ, ಆ ನೀರಿನಲ್ಲೇ ನನಗೆ ಸ್ನಾನ ಮಾಡಿಸಿದ್ದರು. ಅವರೊಬ್ಬರ ಕಟ್ಟುನಿಟ್ಟು ಇದೆನ್ನಲಾರೆ; ನಮ್ಮ ನಾಡಿನ ಮಧ್ಯಮವರ್ಗದ ಎಷ್ಟೋ ಮನೆಗಳಲ್ಲಿ ಎಲೆ ಹಿಡಿದ ಕೈಯೆಂದರೆ ಕೆಟ್ಟ ಕೈ. ಸಭಾಪರ್ವದ ದ್ಯೂತವನ್ನು ಚಿಕ್ಕಂದಿನಿಂದ ಕೇಳಿದವರಿಗೆ ಆಟಕ್ಕೂ ಜೂಜಿಗೂ ನಡುವಣ ಗೆರೆ ಕಾಣದೆ ಹೋದದ್ದು ಆಶ್ಚರ್ಯವಲ್ಲ.

ಸಾಹಿತ್ಯಕ್ಕೆಂದು ಮೀಸಲಾದ ಈ ಪುಟದಲ್ಲಿ ಎಲೆಯಾಟದ ಮಾತೇಕೆ ಎಂದು ವಾಚಕರು ಕೇಳಬಹುದು. ನನಗೂ ಮೊದಲು ಹಾಗೆಯೇ ಅನ್ನಿಸಿತು. ಆದರೆ ಆ ಪೆಟ್ಟಿಗೆಗಳ ಮೇಲೆ, ಕವನ ಸಂಕಲನದ ರಕ್ಷಾಪುಟದ ಮೇಲೆ ಕವಿಯ ಹೆಸರಿರುವಂತೆ, ಆಟವನ್ನು ರಚಿಸಿದವರ ಹೆಸರು ಅಚ್ಚಾಗಿತ್ತು. ವಿಚಾರಿಸಿದಾಗ ತಿಳಿಯಿತು: ಈ ಮರ್ಯಾದೆ ತಾನಾಗಿ ಬಂದದ್ದಲ್ಲ. 1988ರಲ್ಲಿ ನ್ಯೂರೆಂಬರ್ಗಿನ ಆಟಿಕೆಗಳ ಮೇಳದಲ್ಲಿ ಕೆಲವು ಮಂದಿ ಆಟಗಾರಿಕೆಯ ಕರ್ತೃಗಳು ಒಟ್ಟಾಗಿ, ತಮ್ಮ ಹೆಸರು ಪೆಟ್ಟಿಗೆಯ ಮೇಲಿಲ್ಲದಿದ್ದರೆ ತಮ್ಮ ರಚನೆಯನ್ನು ಯಾವ ಪ್ರಕಾಶಕರಿಗೂ ಕೊಡುವುದಿಲ್ಲವೆಂದು, ಬಿಯರು ಲೋಟದ ಕೆಳಗಿಡುವ ರಟ್ಟಿನ ಬಿಲ್ಲೆಯೊಂದರ ಮೇಲೆ ಬರೆದು ರುಜು ಹಾಕಿದರಂತೆ. ವರ್ಷದ ಅತ್ಯುತ್ತಮ ಆಟಕ್ಕೆ ಅಲ್ಲಿ 1979ರಿಂದ ಪ್ರಶಸ್ತಿಯೂ ಉಂಟು. ಕರ್ತೃವಿದ್ದಾನೆ, ಕೃತಿಯಿದೆ, ಪ್ರಶಸ್ತಿಯೂ ಅದರ ಹಿಂದೆ ಜಗಳವೂ ಇವೆ. ಇನ್ನು ವಿಮರ್ಶಕ ಮಾತ್ರ ದೂರ ನಿಂತಿರಬೇಕೆಂಬುದು ಯಾವ ನ್ಯಾಯ?

ಮೊದಲು ತೆರೆದದ್ದು ಅವರೆಕಾಳಿನ ಪೆಟ್ಟಿಗೆ. ಅದರ ನಿಜವಾದ ಹೆಸರು 'ಬೋನಾನ್ಜಾ'. ಜರ್ಮನ್ ಭಾಷೆಯಲ್ಲಿ 'ಬೋನೆ' ಎಂದರೆ ಅವರೆ, ಹುರುಳಿ ಮುಂತಾದ ಕಾಯಿಯ ಜಾತಿ. ಹೆಸರಿನಲ್ಲೇ ಒಂದು ಶ್ಲೇಷೆಯಿದೆ. ಊವೆ ರೋಸೆನ್‌ಬರ್ಗ್ ಎಂಬಾತ 1997ರಲ್ಲಿ ಪ್ರಕಟಿಸಿದ ಆಟ. ಮೊದಲ ಆವೃತ್ತಿಯಲ್ಲಿ 104 ಎಲೆ, ಎಂಟು ಬಗೆಯ ಕಾಳು. ಒಂದು ಜಾತಿಯ ಕಾಳು ಕಟ್ಟಿನಲ್ಲಿ ಒಟ್ಟು ಎಷ್ಟಿವೆ ಎಂಬುದು ಎಲೆಯ ಮೇಲೆಯೇ ಅಚ್ಚಾಗಿರುತ್ತದೆ: ಅತ್ಯಂತ ಅಪರೂಪದ್ದು ಆರು, ಧಾರಾಳವಾದದ್ದು ಇಪ್ಪತ್ತು. ಪ್ರತಿಯೊಬ್ಬನಿಗೂ ಎರಡು ಹೊಲ. ಒಂದು ಹೊಲದಲ್ಲಿ ಒಂದೇ ಜಾತಿ ಬಿತ್ತಬೇಕು. ಒಂದೇ ಬಗೆಯ ಕಾಳು ಹೆಚ್ಚು ಕೂಡಿದಷ್ಟೂ ಮಾರಿದಾಗ ಹಣ ಹೆಚ್ಚು. ಇಷ್ಟೇ ಆಗಿದ್ದರೆ ಇದು ಜೋಡಿ ಕೂಡಿಸುವ ನೂರು ಆಟಗಳಲ್ಲಿ ನೂರೊಂದನೆಯದಾಗುತ್ತಿತ್ತು. ಆದರೆ ಕರ್ತೃ ಒಂದೇ ಒಂದು ನಿಯಮದಿಂದ ಅದನ್ನು ಬೇರೆಯದನ್ನಾಗಿ ಮಾಡಿದ್ದಾನೆ. ಕೈಯಲ್ಲಿರುವ ಎಲೆಗಳನ್ನು ಹಿಂದುಮುಂದು ಮಾಡಿ ಜೋಡಿಸಿಕೊಳ್ಳುವಂತಿಲ್ಲ!

ಎಲೆ ಹಿಡಿದು ಬಲ್ಲವರಿಗೆ ಈ ಮಾತಿನ ಕ್ರೌರ್ಯ ಅರ್ಥವಾದೀತು. ಎಲೆ ಕೈಗೆ ಬಂದೊಡನೆ ನಾವು ಮಾಡುವ ಮೊದಲ ಕೆಲಸವೇ ಜೋಡಿಸುವುದು. ಇಲ್ಲಿ ಅದಕ್ಕೆ ಅವಕಾಶವಿಲ್ಲ. ಹೊಸ ಎಲೆ ಹಿಂದಿನ ಸಾಲಿಗೆ ಸೇರಬೇಕು. ಸರದಿ ಬಂದಾಗ ಮುಂದಿರುವ ಎಲೆಯನ್ನು ಬಿತ್ತಲೇಬೇಕು. ಎರಡು ಹೊಲಗಳಲ್ಲಿ ಅವರೆಯೂ ಅಲಸಂದೆಯೂ ಸೊಂಪಾಗಿ ಬೆಳೆದಿರುವಾಗ ಮುಂದಿನ ಎಲೆ ಹುರುಳಿಯಾಗಿದ್ದರೆ, ಯಾವುದೋ ಒಂದು ಹೊಲವನ್ನು ಎಳೆಯದರಲ್ಲೇ ಕೊಯ್ದು ಹಾಕಬೇಕು. ಇದರಿಂದ ಪಾರಾಗಲು ಒಂದೇ ದಾರಿ: ಸರದಿ ಬರುವ ಮೊದಲೇ ಆ ಹುರುಳಿಯನ್ನು ಇನ್ನೊಬ್ಬರ ತಲೆಗೆ ಕಟ್ಟುವುದು. ವಿನಿಮಯಕ್ಕೆ ಯಾರೂ ಒಪ್ಪದಿದ್ದರೆ ಬಿಟ್ಟಿಯಾಗಿಯಾದರೂ ಕೊಡುವುದು. "ತಗೊಳ್ಳೋ, ನಿನ್ನ ದಮ್ಮಯ್ಯ, ಏನೂ ಬೇಡ" ಎಂದು ನನ್ನ ಅಕ್ಕ ಮಗನನ್ನು ಅಂಗಲಾಚಿದ್ದನ್ನು ನಾನು ಕಣ್ಣಾರೆ ಕಂಡೆ. ಸಂತೆಯಲ್ಲಿ ಒಂದು ಹಿಡಿ ಕೊತ್ತಂಬರಿಗಾಗಿ ಕಾಲು ಗಂಟೆ ಚೌಕಾಸಿ ಮಾಡುವ ಹೆಂಗಸು ಆಕೆ. ದಾನವು ಇಲ್ಲಿ ಪುಣ್ಯಕ್ಕಾಗಿ ಅಲ್ಲ, ಆತ್ಮರಕ್ಷಣೆಗಾಗಿ.

ಇನ್ನೊಂದು ಸೂಕ್ಷ್ಮವಿದೆ. ಕೊಯ್ದ ಎಲೆಯ ಬೆನ್ನ ಮೇಲೆ ನಾಣ್ಯದ ಚಿತ್ರವಿದೆ. ಹಣ ಗಳಿಸುವುದೆಂದರೆ ಆ ಎಲೆಯನ್ನು ಮಗುಚಿ ಮುಂದಿಟ್ಟುಕೊಳ್ಳುವುದು. ಹಾಗೆ ಹಣವಾದ ಕಾಳು ಮತ್ತೆ ಬಿತ್ತನೆಗೆ ಸಿಗುವುದಿಲ್ಲ. ಆಟ ಮುಂದುವರಿದಂತೆ ಲಾಭದ ಕಾಳುಗಳೇ ಮೊದಲು ಅಪರೂಪವಾಗುತ್ತ ಹೋಗುತ್ತವೆ. ಅರ್ಥಶಾಸ್ತ್ರದ ಅಧ್ಯಾಪಕರು ಒಂದು ಗಂಟೆ ಕಪ್ಪು ಹಲಗೆಯ ಮೇಲೆ ಬರೆದರೂ ಹುಡುಗರ ತಲೆಗೆ ಹತ್ತದ ವಿಷಯ ಇಲ್ಲಿ ಎಲೆ ಮಗುಚಿದಷ್ಟು ಸುಲಭವಾಗಿ ಕಾಣುತ್ತದೆ.

ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ವಾದಿಸಿದ. ಎಲೆಯಾಟದ ವಿಮರ್ಶೆಗೂ ನನಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಕ್ಕಿಲ್ಲ. ಆಟದ ವಸ್ತುವಿಗೂ ಅದರ ನಿಯಮಕ್ಕೂ ಹೊಂದಿಕೆಯಿದೆಯೆ? ಕಾಳುಗಳ ಬದಲು ಮೋಟಾರು ಕಾರುಗಳ ಚಿತ್ರ ಬರೆದಿದ್ದರೆ ಏನಾದರೂ ನಷ್ಟವಾಗುತ್ತಿತ್ತೆ? ಬೋನಾನ್ಜಾದ ಮಟ್ಟಿಗೆ ಆಗುತ್ತಿತ್ತು. ಹೊತ್ತಿಗೆ ಸರಿಯಾಗಿ ಬಿತ್ತಬೇಕಾದ, ಬೆಳೆಯುವವರೆಗೆ ಕಾಯಬೇಕಾದ, ಅವಸರಕ್ಕೆ ಕೊಯ್ದರೆ ಕೆಡುವ ವಸ್ತು ಕಾಳೇ ಹೊರತು ಕಾರಲ್ಲ.

ಈ ಔಚಿತ್ಯ ಜರ್ಮನರು ಕಂಡುಹಿಡಿದದ್ದೇನಲ್ಲ. ಗಂಜೀಫವನ್ನು ನೋಡಿ. ಬಾಬರನು 1527ರಲ್ಲಿ ಸಿಂಧ್ ಪ್ರಾಂತದ ಸ್ನೇಹಿತನೊಬ್ಬನಿಗೆ ಗಂಜೀಫದ ಎಲೆಗಳನ್ನು ಕಳುಹಿಸಿದ ಸಂಗತಿ ಅವನ ಆತ್ಮಚರಿತ್ರೆಯಲ್ಲಿದೆ. ಅಕ್ಬರನ ಆಸ್ಥಾನದ ಹನ್ನೆರಡು ಜಾತಿಯ ಕಟ್ಟಿನ ವಿವರ ಅಬುಲ್ ಫಜಲನ ಗ್ರಂಥದಲ್ಲಿದೆ. ಆ ಪಾರಸೀ ಆಟ ಈ ನೆಲದಲ್ಲಿ ಬೇರುಬಿಟ್ಟು ದಶಾವತಾರದ ಗಂಜೀಫವಾಯಿತು: ಹತ್ತು ಅವತಾರ, ಅವತಾರಕ್ಕೆ ಹನ್ನೆರಡು ಎಲೆ, ಒಟ್ಟು 120 ದುಂಡನೆಯ ಎಲೆ. ಪ್ರತಿ ಜಾತಿಗೂ ಒಬ್ಬ ರಾಜ, ಒಬ್ಬ ಮಂತ್ರಿ, ಮಿಕ್ಕವು ಒಂದರಿಂದ ಹತ್ತು. ಐದು ಜಾತಿಗಳಲ್ಲಿ ಮಂತ್ರಿಯ ಕೆಳಗೆ ಹತ್ತು ದೊಡ್ಡದಾದರೆ, ಉಳಿದ ಐದರಲ್ಲಿ ಒಂದೇ ದೊಡ್ಡದು, ಹತ್ತು ಎಲ್ಲಕ್ಕಿಂತ ಕಿರಿದು. ತುರುಪು ಎಂಬುದಿಲ್ಲ. ಇದರಲ್ಲಿ ನನ್ನ ಮನಸ್ಸನ್ನು ಸೆಳೆದ ನಿಯಮ ಒಂದೇ: ಹಗಲು ಹೊತ್ತು ಆಡುವಾಗ ರಾಮನ ರಾಜ ಯಾರ ಕೈಯಲ್ಲಿದೆಯೋ ಅವನು ಆಟ ತೆರೆಯಬೇಕು, ರಾತ್ರಿ ಆಡುವಾಗ ಕೃಷ್ಣನ ರಾಜ ಇದ್ದವನು. ಸೂರ್ಯವಂಶದವನಿಗೆ ಹಗಲು, ಚಂದ್ರವಂಶದವನಿಗೆ ರಾತ್ರಿ. ಕಿಟಕಿಯ ಹೊರಗಿನ ಬೆಳಕು ಕೂಡ ಆಟದ ಒಂದು ಎಲೆಯಾಗಿಬಿಡುತ್ತದೆ. ಚಿತ್ರ ಬರೆದು ಪುರಾಣವನ್ನು ಅಂಟಿಸಿದ್ದಲ್ಲ ಇದು, ಪುರಾಣವೇ ನಿಯಮವಾದದ್ದು.

ನಮ್ಮ ಮೈಸೂರಿನ ಕತೆ ಇದಕ್ಕೆ ಮುಂದಿನ ಅಧ್ಯಾಯ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದಲ್ಲಿಯೂ ಎಲೆಯಾಟದಲ್ಲಿಯೂ ಎಂಥ ಆಸಕ್ತಿಯುಳ್ಳವರಾಗಿದ್ದರೆಂಬುದು ಪ್ರಸಿದ್ಧವೇ ಇದೆ. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಹದಿಮೂರು ಬಗೆಯ 'ಛದ'ಗಳ ವಿವರವಿದೆ. ಛದವೆಂದರೆ ಸಂಸ್ಕೃತದಲ್ಲಿ ಎಲೆ. ಕನ್ನಡಿಗನು ಇಸ್ಪೀಟಿಗೆ ಹೇಳುವ ಮಾತೂ ಅದೇ ಎಂಬುದನ್ನು ಗಮನಿಸಬೇಕು. ಒಂದು ಜಾತಿಗೆ ಹನ್ನೆರಡು ಅಂಕದ ಎಲೆಗಳು, ಆರು ಪರಿವಾರದ ಎಲೆಗಳು; ಕೆಲವು ಕಟ್ಟುಗಳಲ್ಲಿ ಹದಿನೆಂಟು ಜಾತಿ; ಸ್ಥಿರವಾದ ತುರುಪು ಬೇರೆ; ಎಲೆಗಳ ಸಂಖ್ಯೆ 360ರವರೆಗೂ ಏರುತ್ತಿತ್ತು. ಒಂದೊಂದು ಎಲೆಯೂ ಮೈಸೂರು ಚಿತ್ರಕಲೆಯ ಒಂದು ಸಣ್ಣ ಪಟ. ಕಣ್ಣಿಗೆ ಹಬ್ಬವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆಟವಾಗಿ ಅದು ಅರಮನೆಯ ಬಾಗಿಲು ದಾಟಿ ಬರಲಿಲ್ಲ. ಕಾರಣವನ್ನು ನಾನು ಊಹಿಸಬಲ್ಲೆ. ಮುನ್ನೂರರವತ್ತು ಎಲೆಗಳನ್ನು ಕಲಸುವುದಕ್ಕೆ ಆಳು ಬೇಕು, ಹಿಡಿಯುವುದಕ್ಕೆ ಕೈ ಸಾಲದು, ನೆನಪಿಡುವುದಕ್ಕೆ ತಲೆ ಸಾಲದು. ಮಹಾರಾಜರು ಮಹಾಕಾವ್ಯ ರಚಿಸಿದರು. ಜಗಲಿಗೆ ಬೇಕಾಗಿದ್ದುದು ಮುಕ್ತಕ. ಈಗ ಆ ಎಲೆಗಳನ್ನು ಗಾಜಿನ ಹಿಂದೆ ನೋಡಿ ಮೆಚ್ಚುತ್ತೇವೆ. ಗೌರವದ ದೃಷ್ಟಿಯಿಂದ ಅದು ಸರಿ, ಆಟಕ್ಕೆ ಮಾತ್ರ ಅದಕ್ಕಿಂತ ದೊಡ್ಡ ಸೋಲಿಲ್ಲ.

ಎರಡನೆಯ ಪೆಟ್ಟಿಗೆ 'ಸ್ಕೌಟ್', ಜಪಾನಿನ ಕೇಯಿ ಕಾಜಿನೋ ಎಂಬುವರ ರಚನೆ, 2019ರದು. ಅಂಗೈಯಲ್ಲಿ ಹಿಡಿಸುವ ಪೆಟ್ಟಿಗೆ, ಬರೇ 45 ಎಲೆ. ಪ್ರತಿ ಎಲೆಯ ಮೇಲೂ ಎರಡು ಅಂಕೆ, ಒಂದು ನೆಟ್ಟಗೆ ಹಿಡಿದರೆ, ಇನ್ನೊಂದು ತಲೆಕೆಳಗೆ ಹಿಡಿದರೆ. ಒಂದರಿಂದ ಹತ್ತರವರೆಗಿನ ಅಂಕೆಗಳಲ್ಲಿ ಎರಡೆರಡನ್ನು ಆರಿಸಿದರೆ ಎಷ್ಟು ಜೋಡಿಗಳಾಗುತ್ತವೆಯೋ ಅಷ್ಟೇ ಎಲೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನಮ್ಮ ಚಿತ್ರಕವಿಗಳು ಹಿಂದಿನಿಂದ ಓದಿದರೂ ಅರ್ಥ ಬರುವ ಪದ್ಯ ಕಟ್ಟುತ್ತಿದ್ದರಲ್ಲ, ಆ ಜಾಣತನ ಇಲ್ಲಿದೆ. ಕೈಯೆಲೆಗಳನ್ನು ಇದರಲ್ಲಿಯೂ ಜೋಡಿಸುವಂತಿಲ್ಲ. ಮೊದಲಲ್ಲಿ ಒಮ್ಮೆ ಇಡೀ ಕೈಯನ್ನು ತಲೆಕೆಳಗು ಮಾಡಿಕೊಳ್ಳಲು ಮಾತ್ರ ಅನುಮತಿ. ಅಕ್ಕಪಕ್ಕದಲ್ಲಿರುವ ಸಮ ಅಂಕೆಗಳನ್ನೋ ಸಾಲಂಕೆಗಳನ್ನೋ ಹಾಕಿ ಹಿಂದಿನವನನ್ನು ಮೀರಿಸಬೇಕು; ಆಗದಿದ್ದರೆ ಅವನ ಸಾಲಿನ ತುದಿಯ ಎಲೆಯೊಂದನ್ನು ಎತ್ತಿ ನಮ್ಮ ಕೈಯಲ್ಲಿ ಬೇಕಾದೆಡೆ ಸಿಕ್ಕಿಸಿಕೊಳ್ಳಬೇಕು. ಆಟ ಬಹಳ ಚೆನ್ನಾಗಿದೆ. ಆದರೆ ಇದು ಸರ್ಕಸ್ಸಿನ ಆಟವಂತೆ, ಎಲೆಗಳು ಕಲಾವಿದರಂತೆ, ಎಲೆ ಎತ್ತುವುದೆಂದರೆ ಬೇರೆ ತಂಡದ ಕಲಾವಿದನನ್ನು ಸೆಳೆದುಕೊಳ್ಳುವುದಂತೆ! ಹತ್ತು ಸಲ ಆಡಿದ ಮೇಲೂ ನನಗೆ ಅದರಲ್ಲಿ ಹುಲಿಯಾಗಲಿ ಜೋಕಾಲಿಯಾಗಲಿ ಕಾಣಲಿಲ್ಲ. ಕಂಡದ್ದು ಅಂಕೆಗಳು ಮಾತ್ರ. ಸರ್ಕಸ್ಸಿನ ಯಜಮಾನನು ತನ್ನ ಕಲಾವಿದರನ್ನು ಹಿಂದುಮುಂದು ನಿಲ್ಲಿಸಲಾರನೇ? ಬೋನಾನ್ಜಾದಲ್ಲಿ ಜೀವಾಳವಾದ ನಿಯಮವೇ ಇಲ್ಲಿ ವಸ್ತುವಿಗೆ ಹೊರಗಿನದಾಗಿ ನಿಂತಿದೆ. ಅಲಂಕಾರ ಚೆನ್ನಾಗಿರಬಹುದು, ಕಾಲಿನ ಗೆಜ್ಜೆಯನ್ನು ಕೊರಳಿಗೆ ಕಟ್ಟಿದಂತಾಯಿತು.

ಮೂರನೆಯದಾದ 'ಸುಶಿ ಗೋ' ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಆಸ್ಟ್ರೇಲಿಯದ ಫಿಲ್ ವಾಕರ್-ಹಾರ್ಡಿಂಗ್ 2013ರಲ್ಲಿ ತಂದದ್ದು. 108 ಎಲೆ, ಎಲ್ಲದರ ಮೇಲೂ ಜಪಾನೀ ಭಕ್ಷ್ಯಗಳು ನಗುಮುಖದಿಂದ ಕುಳಿತಿವೆ. ಕೈಯಿಂದ ಒಂದು ಎಲೆ ಇಟ್ಟುಕೊಂಡು ಮಿಕ್ಕದ್ದನ್ನು ಎಡಗಡೆಯವರಿಗೆ ದಾಟಿಸುವುದು, ಹೀಗೆ ತಟ್ಟೆ ಸುತ್ತುತ್ತದೆ. ಸಶಿಮಿ ಮೂರು ಕೂಡಿದರೆ ಹತ್ತು ಅಂಕ, ಎರಡಕ್ಕೇ ನಿಂತರೆ ಸೊನ್ನೆ. ಸಶಿಮಿಯೆಂದರೆ ಹಸಿಮೀನಿನ ಹೋಳು ಎಂದು ತಿಳಿದೊಡನೆ ಅಕ್ಕ ಎಲೆಗಳನ್ನು ಚಾಪೆಯ ಮೇಲೆ ಇಟ್ಟುಬಿಟ್ಟಳು. ಆಮೇಲೆ ಆಕೆಯೇ ಉಪಾಯ ಮಾಡಿದಳು: ಟೆಂಪುರ ಬಜ್ಜಿಯಾಯಿತು, ಡಂಪ್ಲಿಂಗು ಕಡುಬಾಯಿತು, ಸಶಿಮಿ ಹೋಳಿಗೆಯಾಯಿತು, ಕೊನೆಯಲ್ಲಿ ಲೆಕ್ಕಕ್ಕೆ ಬರುವ ಪುಡ್ಡಿಂಗು ಪಾಯಸವಾಯಿತು. ಭಾಷಾಂತರ ನಿರಾತಂಕವಾಗಿ ನಡೆಯಿತು. ಊಟದ ಕ್ರಮವೊಂದು ಆಟದಲ್ಲಿ ನಿಜವಾಗಿ ಇದ್ದುದರಿಂದಲೇ ಅದು ಸಾಧ್ಯವಾಯಿತೆಂದು ನನ್ನ ಅಭಿಪ್ರಾಯ. ಆದರೆ ಪಂಕ್ತಿಯಲ್ಲಿ ಕುಳಿತವರು ಒಬ್ಬರ ಮುಖ ಒಬ್ಬರು ನೋಡದೆ ಉಂಡಂತೆ ಇರುತ್ತದೆ ಈ ಆಟ. ಮಕ್ಕಳಿಗೆ ಚೆನ್ನು.

ನಾಲ್ಕನೆಯ ಪೆಟ್ಟಿಗೆಯ ಬಗ್ಗೆ ಬರೆಯುವ ಮೊದಲು 'ಇಪ್ಪತ್ತೆಂಟ'ರ ಬಗ್ಗೆ ಒಂದು ಮಾತು ಹೇಳಬೇಕು. ತಾಯಿಯ ತವರಿನ ಜಗಲಿಯ ಮೇಲೆ ಮಧ್ಯಾಹ್ನದ ಹೊತ್ತು ನಡೆಯುತ್ತಿದ್ದ ಆಟ ಅದು. ಏಳರಿಂದ ಎಕ್ಕದವರೆಗೆ ಎಂಟೆಂಟರಂತೆ ಮೂವತ್ತೆರಡೇ ಎಲೆ. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಜಾತಿಗೆ ಏಳರಂತೆ ನಾಲ್ಕು ಜಾತಿಗೆ ಇಪ್ಪತ್ತೆಂಟು. ರಾಜ ರಾಣಿಯರಿಗೆ ಕಾಸಿನ ಬೆಲೆಯಿಲ್ಲ, ಗುಲಾಮನೇ ಎಲ್ಲರನ್ನೂ ಹೊಡೆಯುತ್ತಾನೆ! ನಾಲ್ಕೇ ಎಲೆ ಕೈಗೆ ಬಂದಾಗ ಸವಾಲು ಕೂಗಿ ಗೆದ್ದವನು ತುರುಪನ್ನು ಮನಸ್ಸಿನಲ್ಲಿ ನಿಶ್ಚಯಿಸಿ, ಆ ಎಲೆಯನ್ನು ಬೋರಲು ಹಾಕಿ ಇಡುತ್ತಾನೆ. ಎದುರಿಗೆ ಕುಳಿತ ಜೊತೆಗಾರನಿಗೂ ಅದು ಗೊತ್ತಿಲ್ಲ. ಹಾಕುವ ಎಲೆಗಳಿಂದಲೇ ಅವನು ಊಹಿಸಬೇಕು. ನನ್ನ ಅಜ್ಜಿ ಈ ಆಟದಲ್ಲಿ ಪ್ರವೀಣೆ. ಮೂಗುಬೊಟ್ಟು ಮುಟ್ಟಿಕೊಂಡರೆ ಕಳಾವರೆಂದು ಅರ್ಥವೆಂದು ಊರೆಲ್ಲ ಹೇಳುತ್ತಿತ್ತು, ಆಕೆ ಮಾತ್ರ ಒಪ್ಪುತ್ತಿರಲಿಲ್ಲ. (ಕಳಾವರು ಎಂಬ ಮಾತು ಡಚ್ಚರ 'ಕ್ಲಾವರ್'. ಹಡಗಿನಲ್ಲಿ ಬಂದ ಮಾತು ಅಜ್ಜಿಯ ಮೂಗಿನ ತುದಿಗೆ ಹತ್ತಿದ್ದು ಭಾಷಾಶಾಸ್ತ್ರಕ್ಕೆ ಒಂದು ಟಿಪ್ಪಣಿಯಾದೀತು.)

ನಾಲ್ಕನೆಯ ಆಟ 'ದಿ ಕ್ರೂ'. ಕರ್ತೃ ಥೋಮಸ್ ಸಿಂಗ್, ಪ್ರಕಟಣೆ 2019, ನನ್ನ ಸೋದರಳಿಯ ವಾಸಿಸುವ ಊರಿನದೇ ಪ್ರಕಾಶನ. 2020ರಲ್ಲಿ ಬಲ್ಲ ಆಟಗಾರರಿಗೆಂದು ಇರುವ ಪ್ರಶಸ್ತಿ ಇದಕ್ಕೆ ಬಂತು. ನಾಲ್ಕು ಬಣ್ಣ, ಬಣ್ಣಕ್ಕೆ ಒಂದರಿಂದ ಒಂಬತ್ತು, ಜೊತೆಗೆ ತುರುಪಾಗಿ ನಾಲ್ಕು ರಾಕೆಟ್ಟುಗಳು: ನಲವತ್ತು ಎಲೆ. ಹಾಕಿದ ಬಣ್ಣಕ್ಕೆ ಆ ಬಣ್ಣವನ್ನೇ ಹಾಕಬೇಕು, ದೊಡ್ಡದು ಹಾಕಿದವನು ಸುತ್ತನ್ನು ಬಾಚಿಕೊಳ್ಳುತ್ತಾನೆ, ಇದೆಲ್ಲ ಹಳೆಯದೇ. ಹೊಸದೆಂದರೆ ಇಲ್ಲಿ ಎದುರಾಳಿಯಿಲ್ಲ. ಆಡುವವರೆಲ್ಲರೂ ಒಂದೇ ಆಕಾಶನೌಕೆಯವರು. ಇಂಥವರು ಇಂಥ ಎಲೆಯನ್ನು ಗೆಲ್ಲಬೇಕೆಂದು ಕೆಲಸ ಹಂಚಲಾಗುತ್ತದೆ. ಎಲ್ಲರ ಕೆಲಸವೂ ಆದರೆ ಎಲ್ಲರೂ ಗೆದ್ದರು, ಒಬ್ಬರದು ಕೆಟ್ಟರೆ ಎಲ್ಲರೂ ಸೋತರು. ಮತ್ತು ಯಾರೂ ತಮ್ಮ ಕೈಯ ಬಗ್ಗೆ ಮಾತನಾಡುವಂತಿಲ್ಲ. ಒಂದು ಆಟಕ್ಕೆ ಒಂದು ಸಲ, ಒಂದು ಎಲೆಯನ್ನು ಎಲ್ಲರಿಗೂ ಕಾಣುವಂತೆ ಇಟ್ಟು, ಅದರ ಮೇಲೆ ಒಂದು ಬಿಲ್ಲೆ ಇಡಬಹುದು. ಬಿಲ್ಲೆ ಮೇಲ್ಗಡೆ ಇದ್ದರೆ ನನ್ನಲ್ಲಿರುವ ಆ ಬಣ್ಣದಲ್ಲಿ ಇದೇ ದೊಡ್ಡದು. ಕೆಳಗಿದ್ದರೆ ಇದೇ ಚಿಕ್ಕದು. ನಡುವಿದ್ದರೆ ಇರುವುದು ಇದೊಂದೇ.

ಆನಂದವರ್ಧನನ ಧ್ವನಿತತ್ತ್ವವನ್ನು ನಾನು ಇಪ್ಪತ್ತು ವರ್ಷ ಪಾಠ ಹೇಳಿದ್ದೇನೆ. ವಾಚ್ಯವು ಎಷ್ಟು ಕಿರಿದೋ ವ್ಯಂಗ್ಯಕ್ಕೆ ಅಷ್ಟು ಎಡೆ ಎಂದು ಹುಡುಗರಿಗೆ ಹೇಳುವಾಗ ಉದಾಹರಣೆಗಳು ಎಂದೂ ಸಾಕಾಗುತ್ತಿರಲಿಲ್ಲ. ಇಲ್ಲಿ ವಾಚ್ಯವೆಂದರೆ ಒಂದು ಎಲೆ, ಒಂದು ಬಿಲ್ಲೆ. ಯಾವ ಎಲೆಯನ್ನು ತೋರಿಸಿದ ಎಂಬುದರಲ್ಲಿ ಒಂದರ್ಥ, ಯಾವಾಗ ತೋರಿಸಿದ ಎಂಬುದರಲ್ಲಿ ಇನ್ನೊಂದು, ತೋರಿಸದೆ ಉಳಿದದ್ದರಲ್ಲಿ ಮತ್ತೊಂದು. ಅಜ್ಜಿಯ ಮೂಗುಬೊಟ್ಟನ್ನು ಈ ಜರ್ಮನ್ ಮಹಾಶಯ ಕಾನೂನುಬದ್ಧ ಮಾಡಿದ್ದಾನೆ, ಅಷ್ಟೆ. ಔಚಿತ್ಯವೂ ಇದೆ: ಕೆಲವು ಅಧ್ಯಾಯಗಳಲ್ಲಿ ರೇಡಿಯೋ ಸಂಪರ್ಕ ಕೆಟ್ಟಿತೆಂದು ಹೇಳಿ ಆ ಬಿಲ್ಲೆಯನ್ನೂ ಕಿತ್ತುಕೊಳ್ಳುತ್ತಾನೆ, ಆಗ ತೋರಿಸಿದ ಎಲೆ ದೊಡ್ಡದೋ ಚಿಕ್ಕದೋ ನಾವೇ ತಿಳಿಯಬೇಕು. ದೋಷವಿಲ್ಲವೆಂದಲ್ಲ. ಐವತ್ತು ಅಧ್ಯಾಯಗಳ ನಡುವೆ ಒಂಬತ್ತನೆಯ ಗ್ರಹದ ಅನ್ವೇಷಣೆಯ ಕತೆಯೊಂದನ್ನು ಪೋಣಿಸಿದ್ದಾರೆ. ಅದರ ಗದ್ಯ ನೀರಸ. ನಾಲ್ಕನೆಯ ಅಧ್ಯಾಯದ ಮೇಲೆ ನಾವು ಅದನ್ನು ಓದುವುದನ್ನೇ ಬಿಟ್ಟೆವು.

ಈ ಆಟಕ್ಕೆ ನಮಗೆ ಒಬ್ಬರು ಕಡಿಮೆ ಬಿದ್ದಾಗ ಸೋದರಳಿಯ ತಂದೆಯವರ ಕೋಣೆಗೆ ಹೋಗಿ, "ಬನ್ನಿ ತಾತ, ಇದರಲ್ಲಿ ರಾಜನೂ ಇಲ್ಲ, ರಾಣಿಯೂ ಇಲ್ಲ, ಬರೇ ಅಂಕೆ" ಎಂದು ಕರೆದ. ಅವರು ಕನ್ನಡಕ ಒರೆಸಿಕೊಂಡು ಬಂದು ಕುಳಿತರು. ನಿಯಮಗಳನ್ನು ವಿವರಿಸಲು ನಾನು ಸಿದ್ಧನಾಗುತ್ತಿದ್ದೆ. ಎಲೆಗಳನ್ನು ಬೀಸಣಿಗೆಯಂತೆ ಒಂದೇ ಕೈಯಲ್ಲಿ ಬಿಚ್ಚಿ ಹಿಡಿದು ಅವರು ಕೇಳಿದ ಮೊದಲ ಪ್ರಶ್ನೆ: "ತುರುಪು ಯಾವುದು?"

ಅಕ್ಕ ನನ್ನ ಮುಖ ನೋಡಿದಳು. ಬಚ್ಚಲೊಲೆಯ ನೆನಪು ಇಬ್ಬರಿಗೂ ಇತ್ತು.

ಆ ದಿನ ನನಗೆ ಬಿದ್ದ ಕೆಲಸ ನೀಲಿ ಆರನ್ನು ಗೆಲ್ಲುವುದು. ನನ್ನ ಕೈಯಲ್ಲಿ ನೀಲಿ ಒಂಬತ್ತಿತ್ತು. ಆರು ಎಲ್ಲಿದೆಯೋ ತಿಳಿಯದು. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು ನೀಲಿ ಆರನ್ನೇ ಎಲ್ಲರಿಗೂ ಕಾಣುವಂತೆ ಇಟ್ಟು, ಬಿಲ್ಲೆಯನ್ನು ನಟ್ಟನಡುವೆ ಇರಿಸಿದರು. ಇರುವುದು ಇದೊಂದೇ. ನಾನು ಒಂಬತ್ತನ್ನು ಹಾಕಿದರೆ ಅವರು ಆರನ್ನು ಕೊಡಲೇಬೇಕು, ಕೊಟ್ಟರು. ನಾವಿಬ್ಬರೂ ಒಂದೇ ಮನೆಯಲ್ಲಿ ಹೆಚ್ಚು ಮಾತಿಲ್ಲದೆ ಬಹಳ ಕಾಲ ಕಳೆದವರು. ತಾಯಿ ತೀರಿಕೊಂಡ ಮೇಲಂತೂ ಔಷಧಿಯ ಹೊತ್ತು, ಹಾಲಿನ ಲೆಕ್ಕ ಬಿಟ್ಟರೆ ಮಾತು ಕಡಿಮೆ. ಎಲೆ ಬಾಚಿಕೊಳ್ಳುತ್ತಿದ್ದಾಗ ಅವರು, "ಇಪ್ಪತ್ತೆಂಟರಲ್ಲಿ ಹೀಗೆ ಎಲೆ ತೋರಿಸಿದ್ದರೆ ಒದೆ ಬೀಳುತ್ತಿತ್ತು" ಎಂದರು.

"ನೀವು ಯಾವಾಗ ಆಡುತ್ತಿದ್ದಿರಿ ಅಣ್ಣ?" ಎಂದು ಕೇಳಿದೆ. ತಂದೆಯನ್ನು ನಾವು ಅಣ್ಣ ಎಂದೇ ಕರೆಯುವುದು.

"ನೀನು ಮೊದಲು ಎಲೆ ಹಾಕು" ಎಂದರು.

ಸೋದರಳಿಯ ಹೊರಡುವಾಗ ಮೂರು ಪೆಟ್ಟಿಗೆಗಳನ್ನು ತೆಗೆದುಕೊಂಡು ಹೋದ, ನಾಲ್ಕನೆಯದನ್ನು ಬಿಟ್ಟುಹೋಗಿದ್ದಾನೆ. ರಾತ್ರಿ ಊಟವಾದ ಮೇಲೆ ತಂದೆಯವರು, ಅಕ್ಕ, ನಾನು ಮೂವರೇ ಆಡುತ್ತೇವೆ. ಇಪ್ಪತ್ತಮೂರನೆಯ ಅಧ್ಯಾಯದಲ್ಲಿ ಮೂರು ದಿನಗಳಿಂದ ಸೋಲುತ್ತಿದ್ದೇವೆ. ತಪ್ಪು ಅಕ್ಕನದೆಂದು ತಂದೆಯವರ ಅಭಿಪ್ರಾಯ, ನನ್ನದೆಂದು ಅಕ್ಕನದು.